ಡಯಲ್ ಗೇಜಿನ ಮುಂದೆ ದೊಡ್ಡವರು ಚಿಕ್ಕವರಿಲ್ಲ

ಕಾರು ಯು-ತಿರುವು ತೆಗೆದುಕೊಂಡಾಗ ಹೊರಬದಿಯ ಹಿಂಗಾಲಿ ಒಳಬದಿಯದಕ್ಕಿಂತ ಎಷ್ಟು ಹೆಚ್ಚು ದೂರ ಉರುಳುತ್ತದೆ? ಎರಡು ಗಾಲಿಗಳ ನಡುವಿನ ಅಂತರ 1.3 ಮೀಟರ್ ಇದ್ದರೆ ಉತ್ತರ ಸುಮಾರು 4.1 ಮೀಟರ್. ಇಕ್ಕಟ್ಟಿನ ಓಣಿಯಲ್ಲಿ ತಿರುಗಿಸಿದರೂ ಅಷ್ಟೇ, ಬಯಲಿನಲ್ಲಿ ಅಗಲವಾಗಿ ತಿರುಗಿಸಿದರೂ ಅಷ್ಟೇ. ಎರಡು ಅರ್ಧವೃತ್ತಗಳ ಉದ್ದದ ವ್ಯತ್ಯಾಸ ನಿಂತಿರುವುದು ತಿರುವಿನ ತ್ರಿಜ್ಯದ ಮೇಲಲ್ಲ, ಗಾಲಿಗಳ ನಡುವಿನ ಅಂತರದ ಮೇಲೆ. ವೃತ್ತದ ಪರಿಧಿ ಕಲಿತ ಯಾವ ಮಗುವಾದರೂ ಇದನ್ನು ತಾನೇ ಲೆಕ್ಕ ಹಾಕಿ ನೋಡಬಹುದು, ನೋಡಿ ಬೆರಗಾಗಬಹುದು. ಎತ್ತಿನ ಗಾಡಿಗೆ ಈ ನಾಲ್ಕು ಮೀಟರಿನ ಚಿಂತೆ ಇರಲಿಲ್ಲ. ಎಳೆಯುವ ಬಲ ನೊಗದಿಂದ ಬರುತ್ತಿತ್ತು, ಗಾಲಿಗಳು ಅಚ್ಚಿನ ಮೇಲೆ ತಮ್ಮ ತಮ್ಮ ಪಾಡಿಗೆ ತಿರುಗುತ್ತಿದ್ದವು. ಬಲವನ್ನು ಅಚ್ಚಿನ ಮೂಲಕವೇ ಗಾಲಿಗೆ ಮುಟ್ಟಿಸಬೇಕಾಗಿ ಬಂದಾಗ ತೊಡಕು ಹುಟ್ಟಿತು: ಎರಡನ್ನೂ ಒಂದೇ ಎಂಜಿನ್ ತಿರುಗಿಸಬೇಕು, ಆದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡಬೇಕು. ಗಡಿಯಾರದ ಕಸುಬು ಬಲ್ಲ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಯಲ್ಲಿ, ಪೆಟ್ರೋಲ್ ಕಾರು ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ, ಉಗಿಬಂಡಿಗಾಗಿ ಇದಕ್ಕೊಂದು ಪರಿಹಾರ ಕಂಡುಕೊಂಡು ಪೇಟೆಂಟ್ ಪಡೆದ. ನಾಲ್ಕಾರು ಹಲ್ಲುಚಕ್ರಗಳ ಆ ಏರ್ಪಾಡೇ ಡಿಫರೆನ್ಷಿಯಲ್.

ಅದು ಸವೆದು ಸದ್ದು ಮಾಡತೊಡಗಿದಾಗ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟು ಬರುವುದು ರೂಢಿ. ಹನ್ನೆರಡು ದಾಟಿದ ಮಗ ಅಥವಾ ಮಗಳು ಮನೆಯಲ್ಲಿದ್ದು, ಮಗುವಿಗೂ ಮನಸ್ಸಿದ್ದರೆ, ಅದನ್ನು ಮನೆಯಲ್ಲೇ ಜತೆಯಾಗಿ ಬಿಚ್ಚಿ ಕಟ್ಟಬೇಕು ಎಂದು ನಾನು ವಾದಿಸುತ್ತೇನೆ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಕೊಡುವ ಕಾರಣಗಳು ದುಡ್ಡು ಉಳಿಯುತ್ತದೆ, ಮಗು ಮೊಬೈಲಿನಿಂದ ದೂರ ಇರುತ್ತದೆ, ಮನೆಯವರು ಒಟ್ಟಿಗೆ ಸಮಯ ಕಳೆದಂತಾಗುತ್ತದೆ ಎಂಬವು. ಇವು ಗಟ್ಟಿ ಕಾರಣಗಳಲ್ಲ. ಹೊಸ ಬೇರಿಂಗ್, ಸೀಲ್, ಅಳತೆಯ ಸಾಧನಗಳನ್ನೆಲ್ಲ ಕೊಂಡ ಮೇಲೆ ಉಳಿತಾಯ ಹೆಚ್ಚೇನೂ ಇರದು. ಒಟ್ಟಿಗೆ ಕೂರಲು ಕೇರಂ ಬೋರ್ಡ್ ಸಾಕು. ನನಗೆ ಮುಖ್ಯವೆನಿಸುವುದು ಬೇರೆಯದು. ಮಗುವಿನ ದಿನದಲ್ಲಿ ಸರಿ-ತಪ್ಪಿನ ತೀರ್ಮಾನ ಮಾಡುವವರು ಹೆಚ್ಚುಕಡಿಮೆ ಯಾವಾಗಲೂ ದೊಡ್ಡವರೇ. ಉತ್ತರಪತ್ರಿಕೆಗೆ ಮೇಷ್ಟರು, ಊಟ-ನಿದ್ದೆಗೆ ಅಪ್ಪ-ಅಮ್ಮ, ಗಣಿತದ ಲೆಕ್ಕಕ್ಕೂ ಪುಸ್ತಕದ ಕೊನೆಯಲ್ಲಿ ಯಾರೋ ಅಚ್ಚು ಹಾಕಿಸಿಟ್ಟ ಉತ್ತರ. ಡಿಫರೆನ್ಷಿಯಲ್ ಕೂರಿಸುವಾಗ ತೀರ್ಪು ಕೊಡುವುದು ಹಲ್ಲಿನ ಮೇಲೆ ಮೂಡುವ ಬಣ್ಣದ ಗುರುತು ಮತ್ತು ಸೂಕ್ಷ್ಮ ಅಂತರ ಅಳೆಯುವ ಡಯಲ್ ಗೇಜಿನ ಮುಳ್ಳು. ಅವನ್ನು ಓದಲು ವಯಸ್ಸು ಬೇಕಿಲ್ಲ, ಕಣ್ಣು ಮತ್ತು ತಾಳ್ಮೆ ಬೇಕು. ಅಪ್ಪ ಹೇಳಿದ್ದು ಸರಿಯೇ ಎಂದು ಮಗು ಅಪ್ಪನನ್ನೇ ಕೇಳದೆ ಪರೀಕ್ಷಿಸಬಹುದಾದ ಸಂದರ್ಭಗಳು ಮನೆಯೊಳಗೆ ತೀರಾ ಕಡಿಮೆ. ಇದು ಅಂಥ ಒಂದು ಸಂದರ್ಭ.

ಎಲ್ಲ ಕಾರುಗಳೂ ಇದಕ್ಕೆ ಒಗ್ಗುವುದಿಲ್ಲ. ಇವತ್ತಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಮುಂದಿನ ಗಾಲಿಗಳಿಗೇ ಚಾಲನೆ. ಅವುಗಳ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೆ ಸೇರಿಹೋಗಿದೆ. ನಮಗೆ ಬೇಕಾದದ್ದು ಹಿಂದಿನ ಅಚ್ಚಿಗೆ ಚಾಲನೆ ಇರುವ ಹಳೆಯ ಗಾಡಿ. ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಡರ್, 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು 2019ರವರೆಗೆ ಉಳಿದ ಓಮ್ನಿ, ಮಲೆನಾಡಿನ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಮಹೀಂದ್ರ ಜೀಪುಗಳು ಈ ಜಾತಿಯವು. ಇವುಗಳಲ್ಲೂ ಎರಡು ಬಗೆ. ಜೀಪಿನಂಥವುಗಳಲ್ಲಿ ಹಲ್ಲುಚಕ್ರಗಳು ಅಚ್ಚಿನ ಹೌಸಿಂಗಿನೊಳಗೇ ಕೂತಿರುತ್ತವೆ. ಹಿಂದಿನ ಮುಚ್ಚಳ ಬಿಚ್ಚಿ, ಗಾಡಿಯ ಕೆಳಗೆ ಮಲಗಿಯೇ ಅಳತೆ ಮಾಡಬೇಕು. ಅಂಬಾಸಡರ್ ಮತ್ತು ಓಮ್ನಿಯಲ್ಲಿ ಎರಡೂ ಬದಿಯ ಆಕ್ಸಲ್ ಶಾಫ್ಟ್ ಎಳೆದು, ಗೇರ್‌ಬಾಕ್ಸಿನಿಂದ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಸುತ್ತಲಿನ ನಟ್ ಬಿಚ್ಚಿದರೆ ಇಡೀ ಡಿಫರೆನ್ಷಿಯಲ್ ಮುಂದಕ್ಕೆ ಬರುತ್ತದೆ, ಮೇಜಿನ ಮೇಲೆ ಇಟ್ಟುಕೊಳ್ಳಬಹುದು. ಮಗು ಜತೆಗಿರುವ ಕೆಲಸಕ್ಕೆ ಎರಡನೆಯ ಬಗೆಯನ್ನೇ ಆರಿಸಿಕೊಳ್ಳಬೇಕು. ಮೇಜಿನ ಮೇಲಿದ್ದರೆ ಇಬ್ಬರಿಗೂ ಒಂದೇ ನೋಟ ಸಿಗುತ್ತದೆ. ಗಾಡಿಯ ಕೆಳಗೆ ಒಬ್ಬರಿಗೆ ಮಾತ್ರ ಜಾಗ.

ಬಿಚ್ಚುವ ಮೊದಲು ಕೇಳುವುದಿದೆ, ಮತ್ತು ಕೇಳುವುದರಲ್ಲೇ ಮೊದಲ ಪಾಠವಿದೆ. ಆಕ್ಸಿಲರೇಟರ್ ಒತ್ತಿದಾಗ ಗುಂಯ್‌ಗುಡುವ ಸದ್ದು ಬಂದು, ಕಾಲು ತೆಗೆದಾಗ ಅಡಗಿದರೆ ಅಥವಾ ಸ್ವರ ಬದಲಾದರೆ, ಅನುಮಾನ ಕ್ರೌನ್ ವೀಲ್ ಎಂಬ ದೊಡ್ಡ ಹಲ್ಲುಚಕ್ರ ಮತ್ತು ಅದನ್ನು ತಿರುಗಿಸುವ ಪುಟ್ಟ ಪಿನಿಯನ್‌ಗಳ ಹಲ್ಲಿನ ಮೇಲೆ. ವೇಗದ ಜತೆ ಏರುತ್ತ ತಿರುವಿನಲ್ಲಿ ಒಂದು ಕಡೆಗೆ ಮಾತ್ರ ಜೋರಾಗುವ ಗುಡುಗುಡು ಗಾಲಿಯ ಬೇರಿಂಗಿನದಿರಬಹುದು. ಕ್ಲಚ್ ಬಿಡುವಾಗ ಕೇಳುವ ಠಕ್ ಎಂಬ ಏಟಿಗೆ ಕಾರಣ ಹುಡುಕಿದರೆ ಪ್ರೊಪೆಲ್ಲರ್ ಶಾಫ್ಟಿನ ಕೀಲಿನ ಕ್ರಾಸ್ ಸವೆದಿರಬಹುದು, ಡಿಫರೆನ್ಷಿಯಲ್ ಒಳಗಿನ ವಾಷರುಗಳೂ ಸವೆದಿರಬಹುದು. ಒಂದೊಂದೂ ಊಹೆಯೇ, ಬಿಚ್ಚಿದಾಗ ಸರಿಯೋ ತಪ್ಪೋ ತಿಳಿಯುತ್ತದೆ. ಹಾಗಾಗಿ ಊಹೆಗಳನ್ನು ಬಿಚ್ಚುವ ಮೊದಲೇ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆದಿಡಬೇಕು. ಬರೆಯದೆ ಬಿಚ್ಚಿದರೆ, ಸವೆದ ಬೇರಿಂಗ್ ಕೈಗೆ ಬಂದ ಮೇಲೆ ಇದು ತನಗೆ ಮೊದಲೇ ಗೊತ್ತಿತ್ತು ಎಂದು ದೊಡ್ಡವರು ಹೇಳಿಬಿಡುತ್ತಾರೆ, ಮಗು ಒಪ್ಪಿಬಿಡುತ್ತದೆ.

ಮೇಜಿನ ಮೇಲೆ ಬಂದ ಡಿಫರೆನ್ಷಿಯಲ್ ಶಾಲೆಯ ಗಣಿತವನ್ನು ಕೈಗೆ ಕೊಡುವ ಬಗೆ ಅಚ್ಚರಿಯದು. ಪಿನಿಯನ್‌ಗೆ 9 ಹಲ್ಲು, ಕ್ರೌನ್ ವೀಲಿಗೆ 41 ಹಲ್ಲು ಇರುವ ಜೋಡಿಯನ್ನೇ ತೆಗೆದುಕೊಳ್ಳಿ. ಎಂಜಿನ್ ಕಡೆಯ ಪಿನಿಯನ್ ನಾಲ್ಕೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗಿದರೆ ಗಾಲಿ ಒಂದು ಸುತ್ತು ತಿರುಗುತ್ತದೆ. 9ಕ್ಕೆ 36, ಸಲೀಸಾಗಿ ನಾಲ್ಕು ಪಟ್ಟು, ಎಂದು ಯಾಕೆ ಮಾಡಲಿಲ್ಲ? ಪಿನಿಯನ್ನಿನ ಒಂದು ಹಲ್ಲಿಗೂ ಕ್ರೌನಿನ ಒಂದು ಹಲ್ಲಿಗೂ ಗುರುತು ಹಾಕಿ ಕೈಯಿಂದ ತಿರುಗಿಸಿದರೆ ಉತ್ತರ ಕಾಣುತ್ತದೆ. 9 ಮತ್ತು 41ರ ಲ.ಸಾ.ಅ. 369. ಪಿನಿಯನ್ ಪೂರ್ತಿ 41 ಸುತ್ತು, ಕ್ರೌನ್ 9 ಸುತ್ತು ಬಂದ ಮೇಲಷ್ಟೇ ಆ ಎರಡು ಹಲ್ಲು ಮತ್ತೆ ಎದುರಾಗುತ್ತವೆ. ಅಷ್ಟರಲ್ಲಿ ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಒಮ್ಮೆ ಮುಟ್ಟಿರುತ್ತದೆ. 36 ಇದ್ದಿದ್ದರೆ ಅದೇ ನಾಲ್ಕು ಹಲ್ಲುಗಳನ್ನೇ ಮತ್ತೆ ಮತ್ತೆ ಉಜ್ಜುತ್ತ ಒಂದು ಹಲ್ಲಿನ ದೋಷ ಆ ನಾಲ್ಕಕ್ಕೇ ಆಳವಾಗಿ ಇಳಿಯುತ್ತಿತ್ತು. ಸವೆತವನ್ನು ಎಲ್ಲರಿಗೂ ಹಂಚಲು ಎಂಜಿನಿಯರುಗಳು ಲ.ಸಾ.ಅ. ದೊಡ್ಡದಾಗುವ ಸಂಖ್ಯೆಗಳನ್ನು ಹುಡುಕಿದರು. ಲ.ಸಾ.ಅ. ಯಾಕೆ ಕಲಿಯಬೇಕು ಎಂದು ಕೇಳುವ ಮಗುವಿಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ನನಗೆ ತಿಳಿದಿಲ್ಲ. ಇನ್ನೊಂದು ನಿಯಮ ಇನ್ನೂ ಸೊಗಸು: ಎರಡೂ ಗಾಲಿಗಳ ವೇಗ ಕೂಡಿದರೆ ಯಾವಾಗಲೂ ಕ್ರೌನ್ ವೀಲಿನ ವೇಗದ ಎರಡರಷ್ಟು. ಕ್ರೌನನ್ನು ಅಲುಗದಂತೆ ಹಿಡಿದು ಒಂದು ಬದಿಯನ್ನು ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಬದಿ ಅಷ್ಟೇ ಹಿಂದಕ್ಕೆ ತಿರುಗುತ್ತದೆ, ಕೂಡಿದರೆ ಸೊನ್ನೆ. ಕೆಸರಿನಲ್ಲಿ ಒಂದು ಗಾಲಿ ಗಿರಕಿ ಹೊಡೆಯುತ್ತ ಇನ್ನೊಂದು ಕದಲದೆ ನಿಲ್ಲುವುದೂ ಇದೇ ಸಮೀಕರಣ.

ಸೀಮೋರ್ ಪೇಪರ್ಟ್ ಎಂಬ ಗಣಿತಜ್ಞ, ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದವರಲ್ಲಿ ಒಬ್ಬರು, 1980ರಲ್ಲಿ ಪ್ರಕಟಿಸಿದ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕದ ಮುನ್ನುಡಿಯಲ್ಲಿ ತಮ್ಮ ಬಾಲ್ಯದ ಹಲ್ಲುಚಕ್ರಗಳ ಬಗ್ಗೆ ಬರೆದಿದ್ದಾರೆ. ಪುಟ್ಟ ವಯಸ್ಸಿನಲ್ಲೇ ಕಾರಿನ ಭಾಗಗಳ ಹೆಸರು ಬಲ್ಲ ಅವರಿಗೆ ಡಿಫರೆನ್ಷಿಯಲ್ ಮೇಲೆ ವಿಶೇಷ ಮೋಹ. ಮಗ್ಗಿಯನ್ನೂ ಎರಡು ಚರಾಕ್ಷರಗಳ ಸಮೀಕರಣವನ್ನೂ ಅವರು ಮನಸ್ಸಿನಲ್ಲೇ ಹಲ್ಲುಚಕ್ರಗಳನ್ನು ತಿರುಗಿಸಿಕೊಂಡು ಅರ್ಥಮಾಡಿಕೊಂಡರಂತೆ. ನನ್ನ ವಾದಕ್ಕೆ ಇದು ಹೇಳಿ ಮಾಡಿಸಿದ ಸಾಕ್ಷಿ ಎನ್ನಿಸಬಹುದು. ಆದರೆ ಅದೇ ಮುನ್ನುಡಿಯಲ್ಲಿ ಪೇಪರ್ಟ್ ಎಚ್ಚರಿಕೆಯನ್ನೂ ಕೊಡುತ್ತಾರೆ: ತಾನು ಕಲಿತದ್ದು ಹಲ್ಲುಚಕ್ರಗಳನ್ನು ಪ್ರೀತಿಸಿದ್ದರಿಂದ, ಅವನ್ನೇ ಎಲ್ಲ ಮಕ್ಕಳ ಕೈಗಿಟ್ಟು ಅದೇ ಫಲ ನಿರೀಕ್ಷಿಸುವುದು ತಪ್ಪು ಎಂದು. ನನ್ನ ನಿಲುವಿಗೆ ಬರಬಹುದಾದ ಆಕ್ಷೇಪಗಳಲ್ಲಿ ಇದೇ ಅತ್ಯಂತ ತೂಕದ್ದು. ಮೋಹವನ್ನು ಯಾರೂ ಯಾರಿಗೂ ಹಚ್ಚಲಾಗದು ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ನಾನು ಕೇಳುತ್ತಿರುವುದು ಮೋಹವನ್ನಲ್ಲ. ಹಲ್ಲುಚಕ್ರವನ್ನು ಪ್ರೀತಿಸದ ಮಗುವೂ ಗೇಜಿನ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡಿ ಹೇಳಬಲ್ಲದು, ದೊಡ್ಡವರು ಹೇಳಿದ ಅಂಕಿಗಿಂತ ಬೇರೆ ಅಂಕಿ ಕಂಡರೆ ಅದನ್ನು ಬಾಯಿಬಿಟ್ಟು ಹೇಳಬಲ್ಲದು. ನನಗೆ ಬೇಕಿರುವುದು ಆ ಎರಡನೆಯ ಅಭ್ಯಾಸ.

ಅದಕ್ಕೆ ಅವಕಾಶ ಸಿಗುವುದು ಜೋಡಿಸುವ ಹಂತದಲ್ಲಿ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಒಂದನ್ನೊಂದು ಉಜ್ಜಿ ಜತೆಮಾಡಿದ ಜೋಡಿ. ಒಂದನ್ನು ಮಾತ್ರ ಬದಲಿಸುವಂತಿಲ್ಲ. ಎರಡರ ಮೇಲೂ ಕೆತ್ತಿದ ಜೋಡಿ-ಸಂಖ್ಯೆ ತಾಳೆಯಾಗುತ್ತದೆಯೇ ಎಂದು ನೋಡುವುದರಿಂದ ಕೆಲಸ ಶುರು. ಪಿನಿಯನ್ ಎಷ್ಟು ಒಳಗೆ ಕೂರಬೇಕು ಎಂಬುದನ್ನು ಅದರ ಬೇರಿಂಗ್ ಹಿಂದಿನ ಶಿಮ್ ಎಂಬ ತೆಳು ಲೋಹದ ಬಿಲ್ಲೆ ನಿರ್ಧರಿಸುತ್ತದೆ. ಕ್ರೌನ್ ಎಡಕ್ಕೋ ಬಲಕ್ಕೋ ಎಷ್ಟು ಸರಿಯಬೇಕು ಎಂಬುದನ್ನು ಪಕ್ಕದ ಶಿಮ್ ಅಥವಾ ತಿರುಗಿಸುವ ನಟ್. ಹಲ್ಲುಗಳ ನಡುವೆ ಬಿಡಬೇಕಾದ ಆಟ, ಬ್ಯಾಕ್‌ಲ್ಯಾಶ್, ಈ ಗಾತ್ರದ ಗಾಡಿಗಳಲ್ಲಿ ಸಾಮಾನ್ಯವಾಗಿ 0.10ರಿಂದ 0.20 ಮಿಲಿಮೀಟರ್, ಆಯಾ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ತಲೆಗೂದಲಿನ ದಪ್ಪದ ಲೆಕ್ಕ ಇದು. ಪಿನಿಯನ್ ಕದಲದಂತೆ ಹಿಡಿದು, ಡಯಲ್ ಗೇಜಿನ ಮೊನೆಯನ್ನು ಕ್ರೌನಿನ ಹಲ್ಲಿಗೆ ತಾಗಿಸಿ, ಕ್ರೌನನ್ನು ಹಿಂದೆ ಮುಂದೆ ಅಲುಗಿಸಿದರೆ ಮುಳ್ಳು ಓಡಾಡುವ ದೂರವೇ ಆಟ. ಸುತ್ತಲೂ ನಾಲ್ಕು ಕಡೆ ಅಳೆಯಬೇಕು. ಒಂದು ಕಡೆಯ ಅಂಕಿ ತೀರಾ ಬೇರೆ ಬಂದರೆ ಕ್ರೌನ್ ಓರೆಯಾಗಿ ಕೂತಿದೆ, ಅದರ ಕೆಳಗೆ ಕಸವೋ ಒರಟು ಅಂಚೋ ಇದೆ ಎಂದರ್ಥ. ಪಿನಿಯನ್ ಬೇರಿಂಗಿನ ಬಿಗಿಯನ್ನು ಅಳೆಯಲು ಹಳೆಯ ಮ್ಯಾನ್ಯುಯಲ್‌ಗಳಲ್ಲಿ ಒಂದು ಸರಳ ಉಪಾಯವಿದೆ: ಫ್ಲ್ಯಾಂಜಿನ ಸುತ್ತ ದಾರ ಸುತ್ತಿ, ಸ್ಪ್ರಿಂಗ್ ತಕ್ಕಡಿ ಕಟ್ಟಿ ನಿಧಾನ ಎಳೆಯುವುದು. ತಕ್ಕಡಿ ತೋರಿಸುವ ಬಲವನ್ನು ತ್ರಿಜ್ಯದಿಂದ ಗುಣಿಸಿದರೆ ಟಾರ್ಕ್. ಹೈಸ್ಕೂಲಿನ ಭೌತಶಾಸ್ತ್ರ ಇಲ್ಲಿ ನಿಜವಾಗಿ ಬೇಕಾಗುತ್ತದೆ, ಮತ್ತು ತಪ್ಪಿದರೆ ಬೇರಿಂಗ್ ಸುಟ್ಟುಹೋಗುತ್ತದೆ.

ಕೊನೆಯ ಪರೀಕ್ಷೆ ಬಣ್ಣದ್ದು. ಕ್ರೌನಿನ ಕೆಲವು ಹಲ್ಲುಗಳಿಗೆ ತೆಳುವಾಗಿ ಮಾರ್ಕಿಂಗ್ ಪೇಸ್ಟ್ ಸವರಿ, ಒಬ್ಬರು ಕ್ರೌನಿಗೆ ಅಡ್ಡ ಕೈಯೊತ್ತಿ ತಡೆಯುತ್ತಿರುವಾಗ ಇನ್ನೊಬ್ಬರು ಪಿನಿಯನ್ ತಿರುಗಿಸುತ್ತಾರೆ. ಪಿನಿಯನ್ ಹಲ್ಲು ಎಲ್ಲಿ ತಾಗಿತೋ ಅಲ್ಲಿ ಬಣ್ಣ ಒರೆಸಿಹೋಗಿ ಮೊಟ್ಟೆಯಾಕಾರದ ಗುರುತು ಉಳಿಯುತ್ತದೆ. ಗುರುತು ಹಲ್ಲಿನ ಬುಡಕ್ಕೆ ಜಾರಿದ್ದರೆ ಪಿನಿಯನ್ ಹೆಚ್ಚು ಒಳಗಿದೆ, ತುದಿಗೆ ಏರಿದ್ದರೆ ಹೊರಗಿದೆ, ಶಿಮ್ ಬದಲಿಸಬೇಕು. ಬದಲಿಸಬೇಕೆಂದರೆ ಅಷ್ಟನ್ನೂ ಮತ್ತೆ ಬಿಚ್ಚಬೇಕು. ಇಬ್ಬರ ಸಂಬಂಧ ಒರೆಗೆ ಬೀಳುವುದು ಇಲ್ಲೇ. ಹೊತ್ತು ಮುಳುಗಿರುತ್ತದೆ, ಗುರುತು ತುಸು ಬುಡದ ಕಡೆಗಿರುತ್ತದೆ, ನಡೆಯುತ್ತದೆ ಬಿಡು ಎನ್ನಲು ದೊಡ್ಡವರಿಗೆ ಮನಸ್ಸಾಗುತ್ತದೆ. ಗುರುತು ಮಗುವಿಗೂ ಕಾಣುತ್ತಿದೆ. ಮಾತಿನ ಜೋರಿನಿಂದ ಗೆಲ್ಲಬಹುದು, ಆದರೆ ಗಾಡಿ ಓಡಿದಾಗ ಗುಂಯ್ ಎನ್ನುವುದು ತಪ್ಪದು. ಮಗು ಹೇಳಿದ್ದು ಸರಿ ಎಂದು ಒಪ್ಪಿ ಮತ್ತೆ ಬಿಚ್ಚುವ ಅಪ್ಪ ಅಥವಾ ಅಮ್ಮ ಆ ಸಂಜೆ ಕಲಿಸುವಷ್ಟನ್ನು ಯಾವ ಬುದ್ಧಿಮಾತೂ ಕಲಿಸದು. ಇದೇ ಕಾರಣಕ್ಕೆ ಕೆಲಸದ ಹಂಚಿಕೆ ಮುಖ್ಯ. ಮಕ್ಕಳಿಗೆ ಟಾರ್ಚ್ ಹಿಡಿಯುವ, ಸ್ಪ್ಯಾನರ್ ಎತ್ತಿಕೊಡುವ ಕೆಲಸ ಕೊಟ್ಟು ಜತೆಯಾಗಿ ಮಾಡಿದೆವು ಎನ್ನುವವರು ಬಹಳ. ಟಾರ್ಚಿಗೆ ಮಗು ಬೇಡ, ತಲೆಗೆ ಕಟ್ಟುವ ದೀಪ ಸಿಗುತ್ತದೆ. ಭಾರ ಎತ್ತುವುದು, ಬಿಗಿ ನಟ್ ಸಡಿಲಿಸುವುದು ದೊಡ್ಡವರದಾಗಲಿ. ಗೇಜ್ ಓದುವುದು, ಅಂಕಿ ಬರೆಯುವುದು, ಶಿಮ್ ಎಷ್ಟು ದಪ್ಪದ್ದು ಎಂದು ಲೆಕ್ಕ ಹಾಕುವುದು ಮಗುವಿನದಾಗಲಿ.

ಅಪಾಯವಿಲ್ಲವೇ ಎಂಬ ಪ್ರಶ್ನೆಗೆ ಇದೆ ಎಂದೇ ಉತ್ತರ, ಮತ್ತು ಅದನ್ನು ಹಗುರ ಮಾಡಬಾರದು. ಅಂಬಾಸಡರ್, ಓಮ್ನಿಗಳ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಅವನ್ನು ಬಿಚ್ಚಿದ ಮೇಲೆ ಅದು ಇದ್ದೂ ಇಲ್ಲ. ಪ್ರೊಪೆಲ್ಲರ್ ಶಾಫ್ಟ್ ಕಳಚಿದ ಮೇಲೆ ಗೇರಿನಲ್ಲಿ ನಿಲ್ಲಿಸಿದರೂ ಪ್ರಯೋಜನವಿಲ್ಲ. ಹಾಗಾಗಿ ಸಮತಟ್ಟಾದ ಗಟ್ಟಿ ನೆಲ, ಮುಂಗಾಲಿಗಳ ಹಿಂದೆ ಮುಂದೆ ಕಟ್ಟೆ, ಜಾಕಿನ ಮೇಲಲ್ಲದೆ ಸ್ಟ್ಯಾಂಡಿನ ಮೇಲೆ ನಿಂತ ಗಾಡಿ, ಇವು ಮೂರೂ ಇಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕಲೇಬಾರದು. ಡಿಫರೆನ್ಷಿಯಲ್ ಹೊರಬರುವ ಗಳಿಗೆಯಲ್ಲಿ ಮಗು ಗಾಡಿಯ ಕೆಳಗಾಗಲಿ ಪಕ್ಕದಲ್ಲಾಗಲಿ ಇರಕೂಡದು. ಅದು ಕಾಲ ಮೇಲೆ ಬಿದ್ದರೆ ಮೂಳೆ ಮುರಿಯುವಷ್ಟು ಭಾರ. ಪರೀಕ್ಷೆಯ ಬಣ್ಣಕ್ಕೆ ಹಿಂದಿನಿಂದ ಬಳಸಿಕೊಂಡು ಬಂದ ರೆಡ್ ಲೆಡ್ ಸೀಸದ ಸಂಯುಕ್ತ, ಸೀಸ ಮಕ್ಕಳ ಮಿದುಳಿಗೆ ವಿಷ; ಸೀಸವಿಲ್ಲದ ಹಳದಿ ಪೇಸ್ಟ್ ಅಥವಾ ಪ್ರಷ್ಯನ್ ಬ್ಲೂ ಮಾತ್ರ ತರಬೇಕು. ಕೈಗವಸು, ಕಣ್ಣಿಗೆ ಕನ್ನಡಕ ಇಬ್ಬರಿಗೂ. ಇವನ್ನೆಲ್ಲ ಪಾಲಿಸುವ ದೊಡ್ಡವರನ್ನು ಕಣ್ಣಾರೆ ನೋಡುವುದೂ ಮಗುವಿಗೆ ಬೇಕಾದ ಶಿಕ್ಷಣ.

ಮನೆಯಲ್ಲಿ ಪೂರ್ತಿ ಆಗುವ ಕೆಲಸವೇ ಇದಲ್ಲ ಎಂಬ ಆಕ್ಷೇಪವೂ ಭಾಗಶಃ ನಿಜ. ಪಿನಿಯನ್ ಬೇರಿಂಗ್ ತೆಗೆದು ಕೂರಿಸಲು ಹೈಡ್ರಾಲಿಕ್ ಪ್ರೆಸ್ ಬೇಕು. ಕೆಲವು ಮಾದರಿಗಳಲ್ಲಿ ಪಿನಿಯನ್ ಬಿಗಿಯುವಾಗ ಕುಗ್ಗುವ ಸ್ಲೀವ್ ಇರುತ್ತದೆ. ಒಮ್ಮೆ ಹೆಚ್ಚು ಬಿಗಿದರೆ ಸಡಿಲಿಸಿ ಸರಿಮಾಡುವಂತಿಲ್ಲ, ಹೊಸದನ್ನೇ ತರಬೇಕು. ಪ್ರೆಸ್ಸಿನ ಕೆಲಸಕ್ಕೆ ನುರಿತ ಮೆಕ್ಯಾನಿಕ್ ಬಳಿ ಹೋಗುವುದರಲ್ಲಿ ಸೋಲೇನಿಲ್ಲ, ಲಾಭವೇ ಇದೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ, ಹಳೆಯ ಸಾಮಾನಿಗೆ ಶಿವಾಜಿನಗರದ ಗುಜರಿಗೆ ಮಗುವನ್ನೂ ಕರೆದೊಯ್ಯಲಿ. ಬೇರಿಂಗನ್ನು ಬೆರಳಿನಲ್ಲಿ ತಿರುಗಿಸಿ ಅದರ ಗತಿ ಹೇಳುವವರು, ಹಲ್ಲಿನ ಹೊಳಪು ನೋಡಿ ಎಣ್ಣೆಯಿಲ್ಲದೆ ಓಡಿದ ಗಾಡಿ ಎಂದು ಗುರುತಿಸುವವರು ಅಲ್ಲಿದ್ದಾರೆ. ಸ್ವತಃ ಶಿಮ್ ಜತೆ ಹೆಣಗಿದ ಮಗುವಿಗೆ ಅವರ ಅರಿವಿನ ಬೆಲೆ ತಿಳಿಯುತ್ತದೆ.

ಇನ್ನೊಂದು ಪ್ರಶ್ನೆ ಮುಜುಗರದ್ದು, ಆದರೂ ತಪ್ಪಿಸಿಕೊಳ್ಳಬಾರದು. ಓದು ಬಿಟ್ಟು ಗ್ಯಾರೇಜಿಗೆ ಸೇರಿದ, ಮೈಯೆಲ್ಲ ಎಣ್ಣೆಯಾದ ಹುಡುಗರನ್ನು ನೋಡಿದ ನಾಡು ನಮ್ಮದು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿ ಮನೆಯ ಕಸುಬಿನಲ್ಲಿ ನೆರವಾಗುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟು, ಹದಿನಾಲ್ಕರೊಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ಹಚ್ಚದಂತೆ ತಡೆಯಿತು. ಅದು ಬಹಳ ಹೋರಾಟದ ಫಲ. ಹಾಗಿರುವಾಗ ಉಳ್ಳವರ ಮಕ್ಕಳು ರಜೆಯಲ್ಲಿ ಸ್ಪ್ಯಾನರ್ ಹಿಡಿಯುವುದನ್ನು ಶಿಕ್ಷಣ ಎಂದು ಕೊಂಡಾಡುವುದು ಸರಿಯೇ? ವ್ಯತ್ಯಾಸ ಕೆಲಸದಲ್ಲಿಲ್ಲ, ಆಯ್ಕೆಯಲ್ಲಿದೆ ಎಂಬುದು ನನ್ನ ಉತ್ತರ. ಬೇಸರವಾದರೆ ಎದ್ದುಹೋಗಬಹುದಾದ, ಶಾಲೆ ತಪ್ಪದ, ಕೂಲಿಯ ಹಂಗಿಲ್ಲದ ಮಗು ಮಾಡುವುದು ಕಲಿಕೆ; ಎದ್ದುಹೋಗಲಾಗದ ಮಗು ಮಾಡುವುದು ದುಡಿಮೆ. ಆದ್ದರಿಂದಲೇ ಮಗು ಬೇಡವೆಂದ ದಿನ ಬಲವಂತ ಮಾಡಕೂಡದು. ಆದರೆ ಕೈಕೆಲಸ ಬಡವರ ಪಾಲಿನ ಶಾಪ ಎಂಬ ನಂಬಿಕೆಯನ್ನು ಉಳಿಸಿಕೊಳ್ಳುವುದರಿಂದ ಯಾವ ಗ್ಯಾರೇಜ್ ಹುಡುಗನಿಗೂ ಒಳಿತಾಗದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ನಡುವೆ ಚೀಲವಿಲ್ಲದ ಹತ್ತು ದಿನಗಳನ್ನು, ಸ್ಥಳೀಯ ಕುಶಲಕರ್ಮಿಗಳ ಜತೆ ಕಳೆಯಲು, ಇರಿಸಿದೆ. ಗಾಡಿ ಇಲ್ಲದ ಮನೆಯ ಮಕ್ಕಳಿಗೂ ಒಂದು ಹಳೆಯ ಡಿಫರೆನ್ಷಿಯಲ್ ಬಿಚ್ಚುವ ಅವಕಾಶ ಆ ಹತ್ತು ದಿನಗಳಲ್ಲಿ ಸಿಗಲೆಂದು ನಾನು ಬಯಸುತ್ತೇನೆ. ಗುಜರಿಯಿಂದ ತಂದ ಒಂದು ಇಡೀ ಶಾಲೆಗೆ ಸಾಕು.

ವಿದ್ಯುತ್ ಕಾರುಗಳು ಬಂದ ಮೇಲೆ ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಒಂದೇ ಮೋಟಾರಿನಿಂದ ಎರಡು ಗಾಲಿ ತಿರುಗಿಸುವ ವಿದ್ಯುತ್ ಕಾರಿಗೂ ಡಿಫರೆನ್ಷಿಯಲ್ ಬೇಕೇ ಬೇಕು. ಯು-ತಿರುವಿನ ಆ ನಾಲ್ಕು ಮೀಟರು ಪೆಟ್ರೋಲಿಗೂ ಬ್ಯಾಟರಿಗೂ ಒಂದೇ.

ಎಲ್ಲ ಕೂರಿಸಿ ಗಾಡಿ ನೆಲಕ್ಕಿಳಿದ ಮೇಲೂ ಕೆಲಸ ಬಾಕಿಯಿದೆ. ಪಿನಿಯನ್ ಕ್ರೌನಿನ ನಡುಗೆರೆಗಿಂತ ಕೆಳಗೆ ಕೂರುವ ಹೈಪಾಯ್ಡ್ ಜೋಡಿಯಲ್ಲಿ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಜಾರುತ್ತವೆ ಕೂಡ. ಆ ಒತ್ತಡಕ್ಕೆ ಸಾಮಾನ್ಯ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಗಂಧಕ-ರಂಜಕದ ಸಂಯುಕ್ತ ಬೆರೆಸಿದ, ಘಾಟು ವಾಸನೆಯ ಹೈಪಾಯ್ಡ್ ಗೇರ್ ಎಣ್ಣೆಯನ್ನೇ ತುಂಬಬೇಕು. ಹೊಸ ಜೋಡಿ ಹಾಕಿದ್ದರೆ ಮೊದಲ ಹದಿನೈದು ಇಪ್ಪತ್ತು ಕಿಲೋಮೀಟರ್ ಭಾರವಿಲ್ಲದೆ, ಹಿತವಾದ ವೇಗದಲ್ಲಿ ಓಡಿಸಿ, ನಿಲ್ಲಿಸಿ, ಪೂರ್ತಿ ಆರಲು ಬಿಡಬೇಕು. ಹೊಸ ಹಲ್ಲುಗಳು ಮೊದಲ ಓಟದಲ್ಲಿ ತುಂಬ ಕಾಯುತ್ತವೆ. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಆ ಎಣ್ಣೆಯನ್ನು ಬಿಳಿಯ ತಟ್ಟೆಗೆ ಇಳಿಸಿ, ಅದರಲ್ಲಿ ಅಯಸ್ಕಾಂತ ಆಡಿಸಿ ನೋಡಬೇಕು. ನುಣ್ಣನೆಯ ಬೂದು ಪುಡಿ ಅಂಟಿದರೆ ಅದು ಹೊಸ ಲೋಹ ಪಳಗುತ್ತಿರುವ ಗುರುತು. ಉಗುರಿಗೆ ಸಿಗುವಂಥ ಚೂರು ಬಂದರೆ ಒಳಗೆಲ್ಲೋ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ, ಗಾಡಿ ಹೊರಡಿಸುವಂತಿಲ್ಲ. ಯಾವುದು ಪುಡಿ, ಯಾವುದು ಚೂರು ಎಂದು ಮೊದಲು ಮಗು ಹೇಳಲಿ, ಜೋಡಿಸುವಾಗ ಬರೆದಿಟ್ಟ ಅಂಕಿಗಳ ಹಾಳೆಯನ್ನು ಮುಂದಿಟ್ಟುಕೊಂಡು. ಚೂರು ಎಂದರೆ ಇಬ್ಬರೂ ಸೇರಿ ಮತ್ತೆ ಸ್ಟ್ಯಾಂಡ್ ಹಾಕಲಿ.